ಅದೇ ಕರೆಯುತ್ತದೆ

ತ್ರಿಯೆಸ್ತೆಯಲ್ಲಿ ಆ ವಾರ ಬೋರಾ ಎದ್ದಿತ್ತು.
ಬೆಟ್ಟದಿಂದ ಬಿದ್ದು ಕಡಲಿಗೆ ಹಾಯುವ ಗಾಳಿ
ಸ್ಕೂಟರುಗಳನ್ನು ಸಾಲಾಗಿ ಮಲಗಿಸಿ,
ಯಾರದೋ ಕೊಡೆಯ ಕಡ್ಡಿ ಮುರಿದು,
ಹಡಗು ವಿಮೆಯ ಕಚೇರಿಯ ಮೂರನೇ ಮಹಡಿಯ ಕಿಟಕಿಗೆ
ಹೆಗಲು ಕೊಟ್ಟು ನಿಂತಿತ್ತು.

ಒಳಗೆ ಒಂಬತ್ತು ಜನ.
ಅವರೆಲ್ಲರ ಅನುಭವ ಕೂಡಿದರೆ ಇನ್ನೂರ ಅರವತ್ತು ವರ್ಷ.
ನನ್ನದು ಆರು.
ನನಗೆ ಕೊಟ್ಟದ್ದು ಮೂರು ದಿನ, ಒಂದು ಪ್ರೊಜೆಕ್ಟರು,
ನೂರಹನ್ನೆರಡು ಸ್ಲೈಡು.

ಹನ್ನೊಂದನೆಯದಕ್ಕೇ ತಡೆದರು.
'ಇದು ಶುರುವಾಗುವುದು ಎಲ್ಲಿಂದ?' ಕೇಳಿದರು ಫುಲ್ವಿಯೊ,
ಕನ್ನಡಕ ಹಣೆಗೇರಿಸಿ.
'ಮೊದಲ ಸಾಲು ತೋರಿಸಮ್ಮ, ಮಿಕ್ಕದ್ದು ನಾನೇ ಓದಿಕೊಳ್ಳುತ್ತೇನೆ.'

ಮೊದಲ ಸಾಲು ನಿಮ್ಮದಲ್ಲ, ಅಂದೆ.
ಅದು ಚೌಕಟ್ಟಿನ ಹೊಟ್ಟೆಯೊಳಗೆಲ್ಲೋ ಇದೆ.
ನೀವು ತುಂಡು ತುಂಡು ಬರೆದು, ಹೆಸರು ಹಚ್ಚಿ ಇಡಿ.
ನೀವು ಅದನ್ನು ಕರೆಯುವುದಿಲ್ಲ.
ಬೇಕಾದಾಗ ಅದೇ ನಿಮ್ಮನ್ನು ಕರೆಯುತ್ತದೆ.

ರೇಡಿಯೇಟರು ಒಮ್ಮೆ ಗುಟುಕರಿಸಿತು.
'ಎಂಬತ್ತಾರರಲ್ಲಿ ಕೆಲಸ ಕೇಳಲು ಹೋದಲ್ಲೆಲ್ಲ
ಹೀಗೇ ಅಂದಿದ್ದರು,' ಅಂದರು ಲಿವಿಯೊ.
'ಯಾರೂ ಕರೆಯಲಿಲ್ಲ.'

ನೇವಿಯಾ ಮಾತಾಡಿದ್ದು ಎರಡನೆಯ ದಿನ, ಊಟದ ಮೇಲೆ.
ಎಂಬತ್ತೊಂಬತ್ತರಿಂದ ಅವರ ಪ್ರೋಗ್ರಾಮಿಗೆ ಒಂದೇ ಕೆಲಸ:
ಬಿರುಗಾಳಿಯಲ್ಲಿ ಹಡಗು ಉಳಿಯಲೆಂದು
ಕೆಲವರ ಸರಕನ್ನು ಕಡಲಿಗೆ ಚೆಲ್ಲಿದರೆ
ಆ ನಷ್ಟವನ್ನು ಎಲ್ಲರ ತಲೆಗೂ ಹಂಚುವುದು.
ಕಾಫಿ ಮೂಟೆಯವನಿಗೆ ಇಷ್ಟು, ಮರದ ದಿಮ್ಮಿಯವನಿಗೆ ಇಷ್ಟು,
ಹಡಗಿನೊಡೆಯನಿಗೆ ಇಷ್ಟು.
ನಾಲ್ಕು ಸಾವಿರ ಸಾಲು. ನಡುವೆ ಒಂದು ಕಡೆ ಷರಾ:
ಇಲ್ಲಿ ಮುಟ್ಟಬೇಡಿ. ಮುಟ್ಟುವುದಾದರೆ ನನ್ನನ್ನು ಎಬ್ಬಿಸಿ.

ನಾವು ಮುಟ್ಟಿದೆವು.
ಹೊಸ ಚೌಕಟ್ಟಿನಲ್ಲಿ ಮುನ್ನೂರು ಸಾಲಿಗೆ ಇಳಿಸಿದೆವು.
ನಾನು ಚಪ್ಪಾಳೆಗೆ ಕಾದೆ.

ನೇವಿಯಾ ಪೆನ್ಸಿಲು ತೆಗೆದರು.
ಕಾಫಿ ಕರೆಗಟ್ಟಿದ ಗಾಜಿನ ಲೋಟ ಪಕ್ಕಕ್ಕೆ ಸರಿಸಿ
ಕೈ ಒರೆಸುವ ಕಾಗದದ ಮೇಲೆ ಕೂಡಿದರು, ಮೇಲಿಂದ ಕೆಳಗೆ,
ಮತ್ತೆ ಕೆಳಗಿಂದ ಮೇಲೆ.
'ಒಂದು ಸೆಂಟು ಕಾಣೆ.'

ಒಂದು ಸೆಂಟು ತಾನೆ, ಅಂದುಬಿಟ್ಟೆ.
ಒಂಬತ್ತು ಕುರ್ಚಿ ಒಟ್ಟಿಗೆ ನನ್ನತ್ತ ತಿರುಗಿದವು.

ಭಾಗಿಸಿ ಮಿಕ್ಕದ್ದು ಯಾವಾಗಲೂ ಹಡಗಿನೊಡೆಯನಿಗಂತೆ.
ಯಾವ ಕಡತದಲ್ಲೂ ಇಲ್ಲ.
ಪಿಂಚಣಿಗೆ ಹೊರಟ ಗುಮಾಸ್ತರೊಬ್ಬರು
ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದ್ದಂತೆ.
ಅವತ್ತು ಲೀರಾ, ಇವತ್ತು ಸೆಂಟು;
ಮಿಗುವುದಂತೂ ಮಿಗುತ್ತದೆ.
'ಎಸೆಯಿರಿ, ಬೇಡ ಅನ್ನುವುದಿಲ್ಲ,' ಅಂದರು ಪರದೆಯತ್ತ ನೋಡಿ.
'ನನ್ನ ನಾಲ್ಕು ಸಾವಿರವೂ ಎಸೆಯಿರಿ. ಹಡಗು ಹಗುರಾಗಲಿ.
ನಷ್ಟ ಮಾತ್ರ ನನ್ನೊಬ್ಬಳ ಲೆಕ್ಕಕ್ಕೆ ಬರೆಯಬೇಡಿ.'

ನೂರಹನ್ನೆರಡರಲ್ಲಿ ಇದಕ್ಕೊಂದು ಸ್ಲೈಡಿರಲಿಲ್ಲ.
ಪ್ರೊಜೆಕ್ಟರು ಆರಿಸಿದೆ.

ಮೂರನೆಯ ದಿನ ಅವರ ಪಕ್ಕ ಕುರ್ಚಿ ಎಳೆದುಕೊಂಡೆ.
ಚೌಕಟ್ಟಿನಲ್ಲಿ ಒಂದು ಖಾಲಿ ಜಾಗ ತೋರಿಸಿದೆ,
ಯಾರಾದರೂ ಬರೆಯಲಿ ಎಂದು ಬಿಟ್ಟದ್ದು,
ನಾನೇ ಎಂದೂ ತುಂಬದೆ ದಾಟಿ ಹೋಗಿದ್ದದ್ದು.
ಎರಡೇ ಬೆರಳಲ್ಲಿ ಅವರು ತಮ್ಮ ಸಾಲು ಕುಟ್ಟಿದರು.
ಓಡಿಸಿದೆವು.
ಅದು ತನ್ನ ಪಾಡಿಗೆ ಇದನ್ನು ಕರೆಯಿತು, ಅದನ್ನು ಕರೆಯಿತು,
ಎಲ್ಲರ ಪಾಲೂ ಮುಗಿದು
ಒಂದು ಸೆಂಟು ದಿಕ್ಕಿಲ್ಲದೆ ನಿಂತಾಗ
ಅವರ ಸಾಲನ್ನು ಕರೆಯಿತು.
ದವಾಖಾನೆಯ ಬೆಂಚಿನಲ್ಲಿ ಬಹಳ ಹೊತ್ತು ಕೂತವರು
ಹೆಸರು ಕೇಳಿ ಏಳುವ ಹಾಗೆ
ನೇವಿಯಾ ಅರ್ಧ ಎದ್ದರು. ಕೂತರು.
'ಹೂಂ, ಸರಿಹೋಯಿತು.'

ಲಿವಿಯೊ ಮಾತ್ರ ಇನ್ನೂ ಗೊಣಗುತ್ತಿದ್ದರು.
ಅವರ ತುಂಡಿಗೆ ಹಚ್ಚಿದ ಹೆಸರಲ್ಲಿ ಒಂದಕ್ಷರ ತಪ್ಪಿತ್ತು;
ಸಂಜೆಯವರೆಗೂ ಯಾರೂ ಕರೆಯಲಿಲ್ಲ.

ಹೊರಡುವಾಗ ನೇವಿಯಾ ಬೀರುವಿನ ತಳದಿಂದ
ಹಳೆಯ ಪ್ರೋಗ್ರಾಮಿನ ಮುದ್ರಿತ ಕಟ್ಟನ್ನು ಎತ್ತಿ
ಚೀಲಕ್ಕೆ ತುರುಕಿಕೊಂಡರು.
ನೆನಪಿಗೆ? ಅಂದೆ.
'ಭಾರಕ್ಕೆ,' ಅಂದರು. 'ಮೂಲೆ ತಿರುಗಿದರೆ ಗಾಳಿ.
ನಲವತ್ತೆಂಟು ಕಿಲೋ ಸಾಲದು.'