ಎಡಗಡೆಯ ಗಾಜು

ಗುತ್ತಲು ರಸ್ತೆಯಲ್ಲಿ ಮುದ್ದಾಚಾರಿಯ ಶೆಡ್ಡು.
ಸಕ್ಕರೆ ಕಾರ್ಖಾನೆ ಕಬ್ಬರೆಯುವ ತಿಂಗಳು;
ಸಿಪ್ಪೆಯ ಕರಿಬೂದಿ ಹಾರಿ ಬಂದು
ಬಾನೆಟ್ಟಿನ ಮೇಲೆ ಕೂರುತ್ತದೆ,
ಊದಿದರೆ ಹೋಗುತ್ತದೆ, ಒರೆಸಿದರೆ ಬಳಿಯುತ್ತದೆ.

ಆಚಾರಿ ಟೀಗೆ ಹೋಗಿದ್ದ. ಇದ್ದದ್ದು ಅಫ್ರೋಜ್.
"ಎಡಗಡೆ ಗಾಜು ಇಳಿಯಲ್ಲ," ಅಂದೆ.
"ಎಷ್ಟು ದಿನದಿಂದ ಅಕ್ಕ?"
ಸಿಂಚುಗೆ ಆಗ ಮೂರು ವರ್ಷ. ಈಗ ಪಿಯುಸಿ.
"ಹದಿನಾಲ್ಕು ವರ್ಷ."
"ಇಳಿಸೇ ಇಲ್ವಾ?"
"ಇವರ ಕಡೆಯಿಂದ ಇಳಿಯುತ್ತೆ.
ನನ್ನ ಸ್ವಿಚ್ಚು ಸತ್ತಿದೆ."

ಮೂರು ಸ್ಕ್ರೂ, ಒಂಬತ್ತು ಕ್ಲಿಪ್ಪು,
ಪಟಪಟ ಬಿಟ್ಟುಕೊಂಡಿತು ಬಾಗಿಲ ಕವಚ.
ಬಾಗಿಲಿಗೂ ಹೊಟ್ಟೆಯಿದೆಯೆಂದು ಅವತ್ತೇ ಕಂಡೆ.
ತಳದಲ್ಲಿ ಒಂದು ಹೇರ್‌ಪಿನ್ನು,
ಬೆಲ್ಲದ ಮಂಡಿಯ ಮಾಸಿದ ತೂಕದ ಚೀಟಿ,
ಹೆಬ್ಬೆರಳಷ್ಟೇ ಹಿಡಿಸುವ ಸಿಂಚುವಿನ ಹಸಿರು ಬಳೆ.

"ಇದು ಮೋಟ್ರು, ನಿಂಬೆಹಣ್ಣಿನಷ್ಟು.
ಮೂತೀಲಿ ತಿರುಪು. ತಿರುಪು ಕಚ್ಚಿರೋದು ಈ ಹಲ್ಲಿನ ಗಾಲೀನ.
ಗಾಲಿ ತಿರುಗಿದ್ರೆ ಕೇಬಲ್ಲು ಸುತ್ಕೊಳ್ತದೆ,
ಕೇಬಲ್ಲು ಗಾಜನ್ನ ಕಂಬಿ ಮೇಲೆ ಎಳೀತದೆ.
ಬಾವಿ ರಾಟೆ ಇದ್ದಂಗೆ. ಕೊಡದ ಬದ್ಲು ಗಾಜು."
"ಇಳಿಯೋಕೆ ಬೇರೆ ಮೋಟ್ರಾ?"
"ಅದೇ. ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ
ಹಿಂದಕ್ಕೆ ತಿರುಗ್ತದೆ ಅಷ್ಟೇ."

ಅಂಗೈಯಿಟ್ಟು ಗಾಜನ್ನು ಕೆಳಕ್ಕೆ ಒತ್ತಿದೆ.
ಕದಲಲಿಲ್ಲ.
"ತಿರುಪು ಗಾಲೀನ ತಿರುಗಿಸ್ತದೆ,
ಗಾಲಿ ತಿರುಪನ್ನ ತಿರುಗಿಸಕ್ಕಾಗಲ್ಲ.
ಅದಕ್ಕೇ ಕಳ್ಳ ಒತ್ತಿದ್ರೂ ಬರಲ್ಲ."
ನಮ್ಮನೆ ಮಾತೂ ಹಾಗೇ ಅನ್ನಲು ಹೋಗಿ
ಸುಮ್ಮನಾದೆ.
ಹುಡುಗನಿಗಿನ್ನೂ ಮದುವೆಯಾಗಿಲ್ಲ.

ಬ್ಯಾಟರಿಯಿಂದ ನೇರ ಎರಡು ವೈರು ಮುಟ್ಟಿಸಿದ:
ಸುಯ್ಯೆಂದು ಇಳಿಯಿತು.
ತಿರುಗಿಸಿ ಮುಟ್ಟಿಸಿದ: ಏರಿತು.
ಅವನ ಮುಖ ಮಾತ್ರ ಇಳಿದೇ ಇತ್ತು.
"ಮೋಟ್ರು ಗಟ್ಟಿ ಐತೆ, ಸ್ವಿಚ್ಚೂ ಗಟ್ಟಿ.
ಸ್ವಿಚ್ಚಿನ ತನಕ ಕರೆಂಟೇ ಬರ್ತಿಲ್ಲ ಅಕ್ಕ."

ಆಗ ಬಂದ ಆಚಾರಿ.
ಗಾಡಿಚಕ್ರಕ್ಕೆ ಕಾದ ಪಟ್ಟಿ ತೊಡಿಸುತ್ತಿದ್ದವನ ಮಗ.
ಹೊಟ್ಟೆ ಬಿಚ್ಚಿದ ಬಾಗಿಲಿನತ್ತ ನೋಡಲೇ ಇಲ್ಲ;
ಬಲಕ್ಕೆ ಸುತ್ತಿಹೋಗಿ, ಡ್ರೈವರ್ ಸೀಟಿಗೆ ಬಗ್ಗಿ,
ಒಂದು ಬೆರಳು. ಟಿಕ್.
"ಈಗ ಒತ್ತವ್ವ."

ಒತ್ತಿದೆ.
ಕೈಯೊಳಗೆ ಬಂದ ಹಾಗೆ ಬಂತು ಗಾಳಿ.

"ಮಕ್ಳು ಕೈ ಆಡಿಸಬಾರ್ದು ಅಂತ ಮಡಗಿರೋ ಗುಂಡಿ.
ಇದು ಒಳೀಕೆ ಕೂತಿದ್ರೆ
ಮಿಕ್ಕ ಸ್ವಿಚ್ಚೆಲ್ಲ ಬರೀ ಒಡವೆ.
ಡ್ರೈವರ್ ಕೈ ಒಂದೇ ದರ್ಬಾರು.
ಹಿಂದಿನವ್ರೂ ಯಾರೂ ಕೇಳ್ನಿಲ್ವಾ?"
ಹಿಂದೆ ಕೂರುತ್ತಿದ್ದದ್ದು ಬೆಲ್ಲದಚ್ಚಿನ ಪೆಟ್ಟಿಗೆಗಳು,
ಅವು ಗಾಳಿ ಕೇಳಿದ್ದಿಲ್ಲ.

ನೆನಪಾಯಿತು. ಮದ್ದೂರಿನ ಆಚೆ,
ಸಿಂಚು ನನ್ನ ತೊಡೆಯ ಮೇಲೆ;
ಪಕ್ಕ ಬಂದ ಲಾರಿಯಿಂದ ಕಬ್ಬಿನ ಗರಿ ಎಳೆಯಲು
ಮೊಣಕೈವರೆಗೂ ಹೊರಗೆ ಚಾಚಿದ್ದಳು.
ಇವರು ಕಿರುಚಿ, ಗಾಜೇರಿಸಿ, ಏನೋ ಒತ್ತಿದ್ದರು.
ಒತ್ತಿದ್ದು ಪ್ರೀತಿಯೇ.
ಬಿಡಿಸಲು ಮರೆತದ್ದಕ್ಕೆ
ಏನನ್ನಬೇಕೋ ನನಗೆ ಗೊತ್ತಿಲ್ಲ.
ಅಲ್ಲಿಂದಾಚೆ, "ಒಂಚೂರು ಗಾಜು ಇಳಿಸ್ರೀ,"
ಎಷ್ಟು ಸಲ ಅಂದಿರಬಹುದು,
ಮೈಸೂರಿಗೆ, ಮಳವಳ್ಳಿಗೆ, ಆಸ್ಪತ್ರೆಗೆ ಹೋಗುವಾಗ.

ಮುರಿದ ಎರಡು ಕ್ಲಿಪ್ಪಿಗೆ ನಲವತ್ತು ರೂಪಾಯಿ ತಗೊಂಡ.
"ಗುಂಡಿ ಅಮುಕಿದ್ದಕ್ಕೆ ಕಾಸಾ?" ಅಂತ ನಕ್ಕ.
ಅಫ್ರೋಜ್ ನಗಲಿಲ್ಲ,
ಬಳೆಯನ್ನು ಪೆಟ್ರೋಲಿನಲ್ಲಿ ತೊಳೆದು ಕೊಟ್ಟ.

ಲೈಸೆನ್ಸು ಬಂದು ಇಪ್ಪತ್ತನೆಯ ದಿನ.
ಸಂಜೆ ಮಂಡಿಯ ಬಾಗಿಲು ಹಾಕಿ
ಇವರು ಎಡಕ್ಕೆ ಕೂತರು.
ಬೂದಿ ಹಾರುತ್ತಿತ್ತು, ಜೊತೆಗೆ ಎಲ್ಲಿಂದಲೋ
ಆಲೆಮನೆಯ ಪಾಕದ ಘಮ.
"ಗಾಜು ಏರಿಸು, ಕಣ್ಣಿಗೆ ಬೀಳುತ್ತೆ," ಅಂದರು.
ಸೆಕೆಂಡ್ ಗೇರಿನಲ್ಲಿದ್ದೆ, ಮುಂದೆ ಎತ್ತಿನ ಗಾಡಿ.
"ನಿಮ್ಮ ಕಡೆ ಸ್ವಿಚ್ಚಿದೆಯಲ್ಲ," ಅಂದೆ.

"ಅದು ಕೆಟ್ಟಿದೆ ಕಣೆ," ಅಂದರು,
ಅಂದವರು ಸ್ವಲ್ಪ ಹೊತ್ತು ಬಿಟ್ಟು
ಅನುಮಾನದಲ್ಲೇ ಬೆರಳಿಟ್ಟರು.