ಹದಿನಾರಾಣೆ

ಚಿತ್ತಾಪುರದ ದವಾಖಾನೆ, ರಾತ್ರಿ ಹನ್ನೊಂದೂವರೆ.
ಗೋಡೆಗೆ ಕೈಯಿಟ್ಟರೆ ಇನ್ನೂ ಹಗಲಿನ ಕಾವು.
ಮೂರು ಮಂದಿ ಹೊತ್ತು ತಂದರು ಸೈಬಣ್ಣನನ್ನು.
ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ,
ಬೇರೆಯವರ ಕೂಸನ್ನು ಹಿಡಿದ ಹಾಗೆ.
ಲಾರಿಗೆ ಹಾಸುಗಲ್ಲು ಏರಿಸುವಾಗ ಜಾರಿ
ಭುಜ ಗೂಡು ಬಿಟ್ಟಿತ್ತು.

ಫಾರಮಿನಲ್ಲಿ ಒಂದು ಸಾಲು ನಾನು ತುಂಬಬೇಕು:
ನೋವು ಎಷ್ಟು, ಹತ್ತರಲ್ಲಿ?
"ಹತ್ತು ಏನ್ರೀ ಸಿಸ್ಟರ್, ಹದಿನಾರಾಣೆ ಅದ."
ಹದಿನಾರಕ್ಕೆ ಜಾಗವಿಲ್ಲ. ಹತ್ತು ಅಂತ ಬರೆದೆ.

ಸೂಜಿ ಕೊಟ್ಟೆವು, ಇಪ್ಪತ್ತು ನಿಮಿಷ ಕಾದೆವು,
ಒಂದು ಕಾಸೂ ಇಳಿಯಲಿಲ್ಲ.
ಡಾಕ್ಟರ್ ಉಜ್ಮಾ ಕೈ ಹಿಡಿದು ಮೆಲ್ಲಗೆ ಎಳೆದರು;
ಎಳೆದಷ್ಟೂ ಅವನ ಮೈಯೆಲ್ಲ ಮುಷ್ಟಿಯಾಯಿತು,
ಕತ್ತಿನ ನರ ಹಗ್ಗವಾಯಿತು,
ಹಲ್ಲು ಕಡಿದ ಸದ್ದು ಹೊರಗಿನ ಬೆಂಚಿಗೂ ಕೇಳಿತು.
ನಾಡಿ ನೂರಾ ಮೂವತ್ತು.
ಅರಿವಳಿಕೆಯವರು ಕಲಬುರಗಿಯಲ್ಲಿ. ಬೆಳಿಗ್ಗೆ ಬರುತ್ತಾರೆ.

ಅವನ ಕಣ್ಣು ನಮ್ಮ ಮೇಲಿರಲೇ ಇಲ್ಲ,
ಮೂಲೆಯ ಹಸಿರು ಪರದೆಯ ಮೇಲಿತ್ತು.
"ಅಲ್ಲೇ ಮಲಗಿಸಿದ್ರು," ಅಂದ, "ನಮ್ಮ ಸಡ್ಡಕ ಮಾಣಿಕನ್ನ.
ಬೆರಳು ಜಜ್ಜಿಸ್ಕೊಂಡು ನಕ್ಕೋತ ಬಂದಿದ್ದ.
ಮುಂಗೈ ತನಕ ಕೊಯ್ದು ಕಳಿಸಿದ್ರು.
ಈಗ ಚಹಾದಂಗಡ್ಯಾಗ ಕಪ್ಪು ತೊಳಿತಾನ, ಒಂದೇ ಕೈಲೆ."
ತಡೆದು, "ನನ್ನ ಕೈ ತಗೀತೀರೇನು?"

ಅದಕ್ಕೆ ಫಾರಮಿನಲ್ಲಿ ಸಾಲಿಲ್ಲ.

ಹದಿನಾಲ್ಕು ವರ್ಷದ ಡ್ಯೂಟಿ. ಎಷ್ಟು ಜನಕ್ಕೆ ಹೇಳಿದ್ದೇನೆ:
ನಾಟಕ ಮಾಡಬ್ಯಾಡ, ಸುಮ್ಮನೆ ಬೀಳು, ಗಂಡಸಲ್ಲೇನು ನೀನು.
ಒಬ್ಬಳು ನನ್ನ ಏಪ್ರನ್ನು ಹಿಡಿದುಕೊಂಡಿದ್ದಳು, ವರ್ಷವಾಯಿತು.
ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದೆ.
ಅವತ್ತು ಕೆಲಸ ಬಹಳ ಇತ್ತು.

"ಕೈ ತಗಿಯೋದಿಲ್ಲ," ಅಂದರು ಉಜ್ಮಾ, ಎಕ್ಸ್‌ರೇಯನ್ನು
ಟ್ಯೂಬ್‌ಲೈಟಿಗೆ ಹಿಡಿದು. "ನೋಡು, ಎಲುಬು ಗಟ್ಟಿ ಅದ.
ಮನಿ ಬಿಟ್ಟು ಹೊರಗ ನಿಂತದ, ಅಷ್ಟೇ."
ನಾನು ಹೋಗಿ ಪರದೆ ಸರಿಸಿದೆ.
ಖಾಲಿ ಸಿಲಿಂಡರು, ಕಾಲು ಮುರಿದ ಕುರ್ಚಿ.
ನೋಡಿದ. ಬಹಳ ಹೊತ್ತು ನೋಡಿದ.

ಬೋರಲು ಮಲಗಿಸಿದೆವು, ತೋಳನ್ನು ಮಂಚದಂಚಿಗೆ ಇಳಿಬಿಟ್ಟು
ಮಣಿಕಟ್ಟಿಗೆ ಉಸುಕಿನ ಚೀಲ, ನಾಲ್ಕು ಕಿಲೋ.
ಈಗ ಅವನಿಗೆ ಕಾಣುವುದು ನೆಲ ಒಂದೇ.
"ಈ ಹಾಸು ಯಾರು ಹಾಕ್ಯಾರ? ಮ್ಯಾಲಿನ ಪದರಿಂದು. ಕಚ್ಚಾ ಮಾಲು."
ಒಳ್ಳೇದು ಹ್ಯಾಂಗಿರ್ತದ? ಕೇಳಿದೆ, ನೆಲಕ್ಕೆ ಕುಕ್ಕರಿಸಿ.
"ಬಡಿದು ನೋಡಬೇಕ್ರಿ. ಗಂಟಿ ಹಂಗ ನುಡಿತದ."
ಎಬ್ಬಿಸೋದು?
"ಜೋರ್ ಮಾಡಿದ್ರ ಸೀಳಿ ಹಾಳಾಗ್ತದ.
ಪದರು ಹುಡುಕಬೇಕು. ಉಳಿ ಇಟ್ಟು ಸಣ್ಣಗ ಬಡಿಬೇಕು,
ಒಂದೇ ಕಡಿ ಅಲ್ಲ, ಉದ್ದಕ್ಕೂ, ಉದ್ದಕ್ಕೂ.
ಆಮ್ಯಾಲ ಕಲ್ಲೇ ಹೇಳ್ತದ..."

ಮಾತಿನ ನಡುವೆ ಉಸಿರು ಉದ್ದವಾಯಿತು.
ಮೊದಲು ಬೆರಳು ಸಡಿಲಾದವು, ಆಮೇಲೆ ಮೊಣಕೈ,
ಕಡೆಗೆ ಬೆನ್ನಿನ ಆ ಹಲಗೆ.
ಉಜ್ಮಾ ಬೆರಳಿಟ್ಟು ಕಾದರು. ಎಳೆಯಲಿಲ್ಲ.

ಟಕ್.

ಅವನಿಗೇ ಮೊದಲು ಕೇಳಿತು. "ಎದ್ದಿತು," ಅಂದ.
ಕಲ್ಲೋ ಕೈಯೋ, ನಾನು ಕೇಳಲಿಲ್ಲ.
ಈಗ ಎಷ್ಟದ?
"ನಾಲ್ಕಾಣೆ."
ಹತ್ತರ ಲೆಕ್ಕಕ್ಕೆ ಎರಡೂವರೆ. ಮೂರು ಅಂತ ಬರೆದೆ.

ಇದನ್ನು ನೀತಿಕಥೆ ಮಾಡಬಾರದು, ಗೊತ್ತು.
ಎರಡು ಗಂಟೆಗೆ ಒಂದು ಹುಡುಗಿ ಬಂತು,
ತೊಡೆಯ ಮೇಲೆಲ್ಲ ಕಾದ ಎಣ್ಣೆ ಬಿದ್ದಿತ್ತು.
ಕಲ್ಲಿನ ಮಾತು ಅವಳಿಗೆ ಯಾಕೆ?
ಅವಳಿಗೆ ಬೇಕಾದ್ದು ಮದ್ದು, ಬೇಗ, ಪೂರ್ತಿ. ಕೊಟ್ಟೆವು.
ಮದ್ದು ಏರುವ ತನಕ
ನನ್ನ ಏಪ್ರನ್ನು ಹಿಡಿದುಕೊಂಡಿದ್ದಳು.
ಬಿಡಿಸಿಕೊಳ್ಳಲಿಲ್ಲ ಈ ಸಲ.
ಒಂದೇ ಕೈಯಲ್ಲಿ ಫಾರಂ ತುಂಬಿದೆ,
ಅಕ್ಷರ ಸೊಟ್ಟಗೆ ಬಂದವು.