ಬಲೂನು

ಅಂಗಡಿಗೆ ಬಂದ ಹುಡುಗನಿಗೆ ಮೊದಲ ದಿನವೇ
ಯಾರೂ ಕೆನ್ನೆ ಕೊಡುವುದಿಲ್ಲ, ಬಲೂನು ಕೊಡುತ್ತೇವೆ.
ಊದಿ, ನೊರೆ ಹಚ್ಚಿ, ಕತ್ತಿ ಆಡಿಸು ಅನ್ನುತ್ತೇವೆ.
ಒಡೆದರೆ ಒಂದು ರೂಪಾಯಿ ಲುಕ್ಸಾನು, ಒಂದು ಬೈಗುಳ.
ದುರ್ಗಿಗುಡಿಯ ಈ ಅಂಗಡಿಯಲ್ಲಿ
ಮೂವತ್ತೊಂದು ವರ್ಷ ಹೀಗೆ ಕಲಿಸಿದ್ದೇನೆ.

ಈಗ ಬಲೂನು ನನ್ನ ಮುಂದಿದೆ.

ಆ ಮಂಗಳವಾರ, ಅಂಗಡಿಗೆ ರಜೆ,
ಹಲ್ಲುಜ್ಜುತ್ತಿದ್ದ ಬಲಗೈ
ಬ್ರಷ್ಷನ್ನು ಬಾಯಲ್ಲೇ ಬಿಟ್ಟು ಕೆಳಗಿಳಿಯಿತು,
ಇನ್ಯಾರದೋ ಕೈಯಂತೆ ತೊಡೆಯ ಪಕ್ಕ ತೂಗಿತು.
ಲಕ್ವ ಅಂದರು ಮನೆಯವರು, ಸ್ಟ್ರೋಕ್ ಅಂದರು ಆಸ್ಪತ್ರೆಯವರು.
ಕೈಗೆ ಎರಡೂ ಕೇಳಿಸಲಿಲ್ಲ.

ಆರು ತಿಂಗಳ ಮೇಲೆ ಡಾಕ್ಟರಮ್ಮ ಹೇಳಿದರು:
ಸೊಂಟದ ಮೂಳೆಯ ಮಜ್ಜೆಯಲ್ಲಿ
ಆಕರಕೋಶ ಅಂತ ಇರುತ್ತವೆ, ತಿಪ್ಪೇಶಪ್ಪ,
ಏನಾಗಬೇಕೆಂದು ಇನ್ನೂ ಗೊತ್ತಿಲ್ಲದವು.
ನನಗೆ ತಟ್ಟನೆ ನೆನಪಾದವನು ಚೇತು,
ಹೊಳೆಹೊನ್ನೂರಿನಿಂದ ಅವರಪ್ಪ ತಂದು ಬಿಟ್ಟಾಗ
ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿದ್ದವ.
'ಅವು ನರ ಆಗ್ತಾವಾ?'
'ಆಗಬಹುದು. ಇಲ್ಲಾ, ಮಲಗಿದ ನರಗಳನ್ನು ತಟ್ಟಿ ಎಬ್ಬಿಸಬಹುದು.
ಏನೂ ಆಗದೆಯೂ ಇರಬಹುದು. ಇದಿನ್ನೂ ಪರೀಕ್ಷೆ.
ಅರ್ಧ ಜನಕ್ಕೆ ಕೋಶ, ಅರ್ಧ ಜನಕ್ಕೆ ಬರೀ ಉಪ್ಪುನೀರು.
ಯಾರಿಗೆ ಯಾವುದು, ನನಗೂ ಗೊತ್ತಿರಲ್ಲ.'

ಯಾರೋ ತಂದ ಕರಪತ್ರದಲ್ಲಿ
ಆರು ಲಕ್ಷಕ್ಕೆ ಗ್ಯಾರಂಟಿ ಇತ್ತು.
ಚೇತು ಅದನ್ನು ಹರಿದು ಕತ್ತಿಯ ನೊರೆ ಒರೆಸಿದ.

ಎಡಗೈ ಹೆಬ್ಬೆಟ್ಟು ಒತ್ತಿದೆ. ಸಹಿ ಬಲಗೈಯದಾಗಿತ್ತು.
ಮಜ್ಜೆ ಎಳೆದರು, ಏನೋ ಒಂದನ್ನು ಒಳಗೆ ಬಿಟ್ಟರು.
ಲಕೋಟೆ ಎಲ್ಲೋ ಮುಚ್ಚಿಕೊಂಡೇ ಇದೆ.

ಜೆಸಿಂತಾ ಸಿಸ್ಟರಿಗೆ ಅದರ ಗೊಡವೆಯಿಲ್ಲ:
'ಕೋಶ ಇರಲಿ, ನೀರಿರಲಿ, ದಿನಕ್ಕೆ ಇನ್ನೂರು ಸಲ.'
ಹಾಗಾಗಿ ಬಲೂನು.
ಮೊದಲ ವಾರ ನಲವತ್ತು ಒಡೆದೆ.
ನೊರೆ ಕನ್ನಡಿಗೆ, ನೊರೆ ಕ್ಯಾಲೆಂಡರಿನ ಏಕಾದಶಿಗೆ.
ಚೇತು ನಗಲಿಲ್ಲ. ಬೈಯಲೂ ಇಲ್ಲ,
ಅದನ್ನು ಮಾತ್ರ ನನ್ನಿಂದ ಕಲಿತದ್ದಲ್ಲ.

ನಿನ್ನೆ ಒಂದು ಒಡೆಯಲಿಲ್ಲ.
ಹೆಬ್ಬೆರಳು, ಸ್ವಲ್ಪ ಮಣಿಕಟ್ಟು, ಅಷ್ಟೇ.
ಕೋಶವೋ, ಉಪ್ಪುನೀರೋ, ಇನ್ನೂರು ಸಲವೋ,
ಕೇಳಿದರೆ ಕೈ ಹೇಳುವುದಿಲ್ಲ.

ಚೇತು ಕುರ್ಚಿ ಹತ್ತಿ ಕೂತ,
ಕೆನ್ನೆಗೆ ತಾನೇ ನೊರೆ ಬಳಿದುಕೊಂಡ.
ಹದಿನೇಳರ ನುಣ್ಣನೆ ಮುಖ, ಬೋಳಿಸಲು ಏನೂ ಇಲ್ಲ ಅಲ್ಲಿ.
'ಬ್ಲೇಡು ತೆಗೆದಿದೀನಿ, ಮಾಮ' ಅಂದು ಕಣ್ಣು ಮುಚ್ಚಿದ.

ಕತ್ತಿ ಬೆಳಕಿಗೆ ಹಿಡಿದು ನೋಡಿದೆ.
ತೆಗೆದಿರಲಿಲ್ಲ.